ಕಳ್ಳರ ಭಯಕ್ಕೆ ಬೋಟ್ ಹತ್ತದೇ ಇರೋರು

ನೆರೆ ಬಂದಾಗ ಬೋಟ್ ತಗೊಂಡು ಮನೆಮನೆಗೆ ಹೋಗೋ ಟೀಮಲ್ಲಿ ಕೆಲಸ ಮಾಡಿದೋರನ್ನ ಕೇಳಿ ನೋಡಿ, ನೀರಿನ ಸೆಳೆತಕ್ಕಿಂತ ಜನರನ್ನ ಒಪ್ಸೋದೇ ದೊಡ್ಡ ತಲೆನೋವು ಅಂತಾರೆ. ಒಬ್ರು ನಂಗಿನ್ನೂ ಕಣ್ಣಿಗೆ ಕಟ್ಟಿದಂಗಿದಾರೆ. ಮಹಡಿ ಕಿಟಕಿಲಿ ನಿಂತಿದ್ರು, ನೀರು ಆಗ್ಲೇ ಏಳನೇ ಮೆಟ್ಟಿಲು ಮುಟ್ಟಿತ್ತು, ಕೈಯಲ್ಲಿ ಬೀಗದ ಗೊಂಚಲು. "ಹೆಂಗಸ್ರು ಮಕ್ಕಳನ್ನ ಕರ್ಕೊಂಡ್ ಹೋಗಿ, ನಾನು ಬರಲ್ಲ, ಮನೆ ಖಾಲಿ ಬಿಟ್ರೆ ಗುಡಿಸಿ ಗುಂಡಾಂತರ ಮಾಡ್ತಾರೆ" ಅಂತ ಒಂದೇ ಹಟ. ಇಪ್ಪತ್ತು ನಿಮಿಷ ಗೋಗರೆದ್ವಿ, ಆಗಲಿಲ್ಲ. ಕೊನೆಗೆ ರಾತ್ರಿ ನೀರು ಇನ್ನೂ ಏರಿದ್ಮೇಲೆ ಅವರೇ ಟಾರ್ಚ್ ಬೀಸಿ ಕರೆದ್ರು, ಕತ್ತಲಲ್ಲಿ ಎರಡನೇ ಸಲ ಹೋಗಿ ಕರ್ಕೊಂಡ್ ಬಂದ್ವಿ, ನಮ್ಮ ಹುಡುಗ ಒಬ್ಬ ಅವತ್ತು ನೀರೊಳಗಿದ್ದ ಗೇಟಿಗೆ ಸಿಕ್ಕಿ ಕಾಲು ಹರ್ಕೊಂಡ. ಮನೆಗೆ ಯಾವ ಕಳ್ಳನೂ ಬಂದಿರ್ಲಿಲ್ಲ. ಹೆಂಗ್ ಬರ್ತಾನೆ ಹೇಳಿ, ಅವನಿಗೂ ಬೋಟ್ ಬೇಕಲ್ಲ!

ಈಗ ನಾನು ಬೋಟ್ ಬಿಟ್ಟು ಟ್ರೇನಿಂಗ್ ಕಡೆ ಬಂದಿದೀನಿ. ಪ್ರತಿ ಬ್ಯಾಚಲ್ಲೂ ಮೊದಲನೇ ಪ್ರಶ್ನೆ ಅದೇ, ಸರ್ ಲೂಟಿ ಶುರುವಾದ್ರೆ ಏನ್ ಮಾಡೋದು. ನೀರು, ಔಷಧಿ ಬಗ್ಗೆ ಕೇಳೋರು ಊಟದ ಬ್ರೇಕ್ ಆದ್ಮೇಲೆ ಒಬ್ಬಿಬ್ರು ಸಿಕ್ತಾರೆ, ಅಷ್ಟೇ. ತಪ್ಪು ಅವರದ್ದಲ್ಲ, ಭೂಕಂಪ ಆದ ತಕ್ಷಣ ಮನುಷ್ಯರೆಲ್ಲ ಒಬ್ರನ್ನೊಬ್ರು ತಿನ್ನೋಕೆ ಶುರು ಮಾಡ್ತಾರೆ ಅಂತ ಸಿನಿಮಾಗಳು ತೋರಿಸಿ ತೋರಿಸಿ ತಲೇಲಿ ಕೂತ್ಬಿಟ್ಟಿದೆ.

ಇದನ್ನ ಕೂತು ಸ್ಟಡಿ ಮಾಡಿದೋರು ಇದಾರೆ. ಅಮೆರಿಕದಲ್ಲಿ 1963ರಲ್ಲಿ ಕ್ವಾರಂಟೆಲ್ಲಿ, ಡೈನ್ಸ್ ಅನ್ನೋ ಸಮಾಜಶಾಸ್ತ್ರಜ್ಞರು ಜೊತೆಗಾರರ ಜೊತೆ ಸೇರಿ ಡಿಸಾಸ್ಟರ್ ರಿಸರ್ಚ್ ಸೆಂಟರ್ ಶುರು ಮಾಡಿದ್ರು, ದುರಂತ ಆದ ಜಾಗಕ್ಕೆ ಓಡೋದು, ಜನ ನಿಜವಾಗ್ಲೂ ಏನ್ ಮಾಡ್ತಾರೆ ಅಂತ ನೋಡೋದು, ಬರ್ಕೊಳ್ಳೋದು. ಗಲಭೆಲಿ ಲೂಟಿ ಜಾಸ್ತಿ, ಪ್ರಕೃತಿ ವಿಕೋಪದಲ್ಲಿ ಲೂಟಿ ಅಪರೂಪ, ಆದ್ರೆ ಲೂಟಿಯ ಸುದ್ದಿ ಮಾತ್ರ ಪ್ರತಿ ಸಲ ಇರತ್ತೆ, ಇದು ಅವರು ಮತ್ತೆ ಮತ್ತೆ ಕಂಡಿದ್ದು. ನನ್ನ ಅನುಭವಕ್ಕೂ ಇದು ಹೊಂದತ್ತೆ.

ಆ ಸುದ್ದಿನೇ ಕೊಲ್ಲೋದು. 2005ರಲ್ಲಿ ಕತ್ರೀನಾ ಚಂಡಮಾರುತಕ್ಕೆ ನ್ಯೂ ಓರ್ಲಿಯನ್ಸ್ ಮುಳುಗಿದಾಗ ಜನ ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಸ್ಟೇಡಿಯಮ್ಮಲ್ಲಿ ಹೆಣಗಳ ರಾಶಿ ಬಿದ್ದಿದೆ, ಕೊಲೆ ಮೇಲೆ ಕೊಲೆ ಅಂತೆಲ್ಲ ಸುದ್ದಿ ಹಬ್ಬಿತ್ತು, ಕೊನೆಗೆ ಲೆಕ್ಕ ಹಾಕಿದ್ರೆ ಅಲ್ಲಿ ಸತ್ತೋರು 6 ಜನ, ಒಂದೂ ಕೊಲೆ ಅಲ್ಲ. ಅಷ್ಟ್ರಲ್ಲಿ ಮೇಯರ್ ನೇಗಿನ್ ಜನರನ್ನ ಹುಡುಕಿ ಕಾಪಾಡ್ತಿದ್ದ ಸುಮಾರು 1500 ಪೊಲೀಸರಿಗೆ ಅದನ್ನ ಬಿಟ್ಟು ಲೂಟಿ ತಡೀರಿ ಅಂತ ಆರ್ಡರ್ ಕೊಟ್ಟಾಗಿತ್ತು. ಮನೆ ಸೂರಿನ ಮೇಲೆ ಜನ ಇನ್ನೂ ಕೈ ಬೀಸ್ತಾ ನಿಂತಿರೋವಾಗ! ಸೆಪ್ಟೆಂಬರ್ 4ಕ್ಕೆ ಡ್ಯಾನ್‌ಜಿಗರ್ ಸೇತುವೆ ದಾಟ್ತಿದ್ದ, ಕೈಯಲ್ಲಿ ಆಯುಧ ಇಲ್ಲದ ಜನರ ಮೇಲೆ ಪೊಲೀಸರೇ ಗುಂಡು ಹಾರಿಸಿದ್ರು, ಇಬ್ರು ಸತ್ರು, ನಾಲ್ವರಿಗೆ ಗಾಯ. ಜನ ಪ್ಯಾನಿಕ್ ಆಗ್ತಾರೆ ಅಂತ ಮೇಲೆ ಕೂತೋರೇ ಪ್ಯಾನಿಕ್ ಆಗೋದಕ್ಕೆ ಕ್ಯಾರನ್ ಚೆಸ್, ಲೀ ಕ್ಲಾರ್ಕ್ ಅನ್ನೋ ಸಂಶೋಧಕರು 'ಎಲೀಟ್ ಪ್ಯಾನಿಕ್' ಅಂತ ಹೆಸರಿಟ್ಟಿದಾರೆ. ಇನ್ನೂ ಹಿಂದಕ್ಕೆ ಹೋದ್ರೆ 1923ರ ಸೆಪ್ಟೆಂಬರ್ 1, ಟೋಕಿಯೋ-ಯೊಕೊಹಾಮಾ ಕಡೆಯ ಮಹಾ ಭೂಕಂಪ. ಕೊರಿಯಾದೋರು ಬಾವಿಗೆ ವಿಷ ಹಾಕ್ತಿದಾರೆ, ಬೆಂಕಿ ಇಡ್ತಿದಾರೆ ಅಂತ ಗಾಳಿಸುದ್ದಿ ಎದ್ದು, 'ಕಾವಲು ಪಡೆ' ಅಂತ ಬೀದಿಗಿಳಿದ ಮಾಮೂಲಿ ಜನರೇ ಸಾವಿರಾರು ಕೊರಿಯನ್ನರನ್ನ ಕೊಂದು ಹಾಕಿದ್ರು, ಅಲ್ಲಲ್ಲಿ ಪೊಲೀಸ್, ಸೈನ್ಯದೋರೂ ಸೇರ್ಕೊಂಡ್ರು. ಅವರೆಲ್ಲ ಊರು ಕಾಯ್ತಿದೀವಿ ಅಂತನೇ ಅಂದ್ಕೊಂಡಿದ್ದು. ಅದಕ್ಕೇ ವಾಟ್ಸಾಪಲ್ಲಿ "ಆ ಏರಿಯಾದೋರು ಗುಂಪು ಕಟ್ಕೊಂಡು ಬರ್ತಿದಾರಂತೆ, ಹುಷಾರು" ಅಂತ ಬಂದಾಗ ಫಾರ್ವರ್ಡ್ ಬಟನ್ ಮೇಲಿಂದ ಬೆರಳು ತೆಗೀರಿ ಅಂತ ನಾನು ಕ್ಲಾಸಲ್ಲಿ ಸ್ವಲ್ಪ ಗಟ್ಟಿ ಧ್ವನಿಲೇ ಹೇಳೋದು.

ಹಂಗಂತ ಲೂಟಿ ಆಗೋದೇ ಇಲ್ಲ ಅಂತ ನಾನು ಹೇಳಿದ್ರೆ ಅದೂ ಸುಳ್ಳೇ. 2010ರ ಫೆಬ್ರವರಿ 27ಕ್ಕೆ ಚಿಲಿಯಲ್ಲಿ 8.8ರ ಭೂಕಂಪ ಆಯ್ತು, ಕಾನ್ಸೆಪ್ಸಿಯೋನ್ ಊರಲ್ಲಿ ಸೂಪರ್ ಮಾರ್ಕೆಟ್‌ಗಳಿಗೆ ಜನ ನುಗ್ಗಿದ್ರು, ಸೈನ್ಯ ಇಳಿಸಿ ಕರ್ಫ್ಯೂ ಹಾಕಬೇಕಾಯ್ತು. ನಲ್ಲಿ ನಿಂತಿತ್ತು, ಅಂಗಡಿ ಮುಚ್ಚಿತ್ತು, ನೆರವು ಯಾವಾಗ ಬರತ್ತೆ ಅಂತ ಹೇಳೋರೇ ಇರ್ಲಿಲ್ಲ. ಹಾಲು, ನೀರು ಹೊತ್ಕೊಂಡು ಹೋದೋರ ಪಕ್ಕದಲ್ಲೇ ಟಿವಿ ಹೊತ್ಕೊಂಡು ಹೋದೋರೂ ಇದ್ರು. ನ್ಯೂಯಾರ್ಕ್ ಇನ್ನೂ ಮಜಾ ಉದಾಹರಣೆ. 1977ರ ಜುಲೈಲಿ ಒಂದು ರಾತ್ರಿ ಕರೆಂಟ್ ಹೋದದ್ದಕ್ಕೆ 1600ಕ್ಕೂ ಹೆಚ್ಚು ಅಂಗಡಿ ಲೂಟಿ ಆಗಿ ಇಲ್ಲಾ ಒಡೆದು ಹಾಳಾಗಿ 3700ಕ್ಕೂ ಹೆಚ್ಚು ಜನ ಅರೆಸ್ಟ್ ಆದ್ರು, 2003ರ ಆಗಸ್ಟಲ್ಲಿ ಸುಮಾರು 5 ಕೋಟಿ ಜನಕ್ಕೆ ಕರೆಂಟ್ ಇಲ್ಲದೇ ಹೋದಾಗ ಅದೇ ಊರಲ್ಲಿ ಜನ ಸಿಗ್ನಲ್ ಹತ್ರ ನಿಂತು ತಾವೇ ಟ್ರಾಫಿಕ್ ಕಂಟ್ರೋಲ್ ಮಾಡಿದ್ರು. ಅದೇ ಊರು, ಅದೇ ಕತ್ತಲು. 77ರಲ್ಲಿ ಊರು ದಿವಾಳಿ ಅಂಚಲ್ಲಿತ್ತು, ಕೆಲಸ ಇಲ್ಲ, ಸಿಟ್ಟು ಮೊದಲೇ ಒಳಗೊಳಗೇ ಕುದೀತಿತ್ತು. ಕತ್ತಲು ಮುಚ್ಚಳ ತೆಗೀತು ಅಷ್ಟೇ.

ನಾವು ನಿಜವಾಗ್ಲೂ ನೋಡೋ ಕಳ್ಳತನ ಬೇರೆ ಥರದ್ದು. ಗುಂಪು ನುಗ್ಗಲ್ಲ, ಎರಡು ವಾರ ಆದ್ಮೇಲೆ ಒಬ್ಬ ಬರ್ತಾನೆ, ಐಡಿ ಕಾರ್ಡ್ ನೇತಾಕ್ಕೊಂಡು, ಪರಿಹಾರದ ಫಾರಂ ತುಂಬ್ತೀನಿ, ಒಂದು ಒಟಿಪಿ ಹೇಳಿ ಅಂತ. ಇಲ್ಲಾ ರಿಪೇರಿಗೆ ಅಂತ ಅಡ್ವಾನ್ಸ್ ಇಸ್ಕೊಂಡು ನಾಪತ್ತೆ. ಜಪಾನಲ್ಲಿ 2011ರ ಸುನಾಮಿ ಆದ್ಮೇಲೆ ಕೊಚ್ಕೊಂಡು ಬಂದ ಸಾವಿರಾರು ತಿಜೋರಿಗಳನ್ನ ಜನ ಪೊಲೀಸರಿಗೆ ತಂದು ಒಪ್ಪಿಸಿದ್ರು, ಅದೇ ಟೈಮಲ್ಲಿ ಫುಕುಶಿಮಾ ಅಣುಸ್ಥಾವರದ ಹತ್ರ ಜನ ಖಾಲಿ ಮಾಡಿ ಹೋದ ಊರುಗಳಲ್ಲಿ ಎಟಿಎಂ ಒಡೆದೋರೂ ಇದ್ರು. ಅಂದ್ರೆ ಜನ ಇರೋ ಕಡೆ ಕಳ್ಳತನ ಕಮ್ಮಿ, ಯಾರೂ ಇಲ್ಲದ ಕಡೆ ಜಾಸ್ತಿ. ಒಬ್ರೇ ಮನೇಲಿ ಕೂತು ಕಾಯೋ ಬದಲು ಬೀದಿಯೋರೆಲ್ಲ ಮಾತಾಡ್ಕೊಂಡು, ನೀರಿಳಿದ ದಿನದಿಂದ ಪಾಳಿ ಮೇಲೆ ಇಬ್ಬಿಬ್ರು ಬಂದು ಸುತ್ತು ಹಾಕೋದು ಎಷ್ಟೋ ವಾಸಿ.

ಇನ್ನು ತಯಾರಿ. ಕಿಟಕಿಗೆಲ್ಲ ಗ್ರಿಲ್ ಹಾಕ್ಸಿ, ತೆಗೆಯೋ ಗ್ರಿಲ್ಲಿನ ಬೀಗದ ಕೈ ಎಲ್ಲಿದೆ ಅಂತ ಗೊತ್ತಿಲ್ಲದೋರನ್ನ ನೋಡಿದೀನಿ, ಬೆಂಕಿ ಬಿದ್ರೆ ಅದೇ ಜೈಲು. ಮೊದಲು ನೀರು, ಒಬ್ಬರಿಗೆ ದಿನಕ್ಕೆ 4 ಲೀಟರ್, ಕಮ್ಮಿ ಅಂದ್ರೂ ಮೂರು ದಿನಕ್ಕೆ, ಎರಡು ವಾರಕ್ಕಾದ್ರೆ ಇನ್ನೂ ಒಳ್ಳೇದು. ನೀರಿನ ಮೇಲೆ ಡೌಟ್ ಇದ್ರೆ ಕುದಿ ಬಂದ್ಮೇಲೆ ಒಂದು ನಿಮಿಷ ಕುದಿಸಿ, ಗ್ಯಾಸ್ ಇಲ್ಲ ಅಂದ್ರೆ ಪರಿಮಳ ಗಿರಿಮಳ ಸೇರಿಸದ 6 ಪರ್ಸೆಂಟ್ ಬ್ಲೀಚ್ (ಬಟ್ಟೆ ಬಿಳಿ ಮಾಡೋ ಕ್ಲೋರಿನ್ ದ್ರಾವಣ) ಲೀಟರಿಗೆ 2 ಹನಿ ಹಾಕಿ ಅರ್ಧ ಗಂಟೆ ಬಿಡಿ, ನೀರು ಕದಡಿದ್ರೆ ಬಟ್ಟೇಲಿ ಸೋಸಿ 4 ಹನಿ. ಕರೆಂಟ್ ಹೋದ್ರೆ ಬಾಗಿಲು ತೆಗೀದೇ ಇದ್ರೆ ಫ್ರಿಜ್ 4 ಗಂಟೆ ತಡ್ಕೊಳ್ಳತ್ತೆ. ಜನರೇಟರ್ ಕಳ್ತನ ಆಗತ್ತೆ ಅಂತ ಮನೆಯೊಳಗೆ ಇಟ್ಟು ಓಡಿಸಿದ್ರೆ ಮಲಗಿದೋರು ಏಳಲ್ಲ. ಅದರ ಹೊಗೇಲಿರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ಮನೆಯಿಂದ 6 ಮೀಟರ್ ಆಚೆ ಇಡಿ, ಬೇಕಾದ್ರೆ ಸರಪಳಿ ಹಾಕಿ.

ಔಷಧಿ ವಿಷಯ ಕ್ಯಾಂಪಲ್ಲಿ ದಿನಾ ಕಾಣತ್ತೆ. ಒಬ್ಬರು ಅಜ್ಜಿ ಬಂದು ಬೀಪಿ ಮಾತ್ರೆ ಕೊಡಿ ಅಂದ್ರು, ಯಾವ್ದು ಅಂದ್ರೆ "ಬಿಳೀದು, ಸಣ್ಣದು". ಡಾಕ್ಟರ್ ಎದುರಿಗೆ ಅಂಥ ಬಿಳೀ ಸಣ್ಣ ಮಾತ್ರೆ ಹನ್ನೆರಡು ಥರ ಇತ್ತು. ಚೀಟಿ ಫೋಟೋ ಫೋನಲ್ಲಿರಲಿ, ಜೊತೆಗೆ ಒಂದು ಹಾಳೇಲೂ ಬರೆದಿಡಿ, ಯಾಕಂದ್ರೆ ಫೋನ್ ಸಾಯತ್ತೆ. ಆ ಹಾಳೆ, ಮಾತ್ರೆ, ದಾಖಲೆ, ಸ್ವಲ್ಪ ಚಿಲ್ಲರೆ ನೋಟು ಎಲ್ಲ ಹೊರಡೋವಾಗ ಎತ್ಕೊಂಡು ಹೋಗೋ ಒಂದೇ ಚೀಲದಲ್ಲಿ. ಕಳ್ಳರ ಭಯ ಜಾಸ್ತಿ ಇರೋರಿಗೆ ನಾನು ಹೇಳೋದಿಷ್ಟೇ, ಬೆಲೆಬಾಳೋದೆಲ್ಲ ಮೊದಲೇ ಆ ಚೀಲಕ್ಕೆ ಹೋಗಿದ್ರೆ ಮನೇಲಿ ಕಾಯೋಕೆ ಏನಿರತ್ತೆ?

1995ರಲ್ಲಿ ಜಪಾನಿನ ಕೋಬೆ ಭೂಕಂಪದಲ್ಲಿ ಕುಸಿದ ಮನೆಯಡಿಯಿಂದ ಜೀವಂತ ಹೊರಗೆ ಬಂದೋರಲ್ಲಿ ಬಹುಪಾಲು ಜನರನ್ನ ಎಳೆದು ತೆಗೆದಿದ್ದು ಮನೆಯೋರು, ಅಕ್ಕಪಕ್ಕದೋರು. ನಮ್ಮಂಥ ಟೀಮ್ ಬರೋ ಹೊತ್ತಿಗೆ ಯಾವಾಗ್ಲೂ ಲೇಟೇ. ಅದಕ್ಕೆ ಟ್ರೇನಿಂಗಲ್ಲಿ ಒಂದು ಖಾಲಿ ಹಾಳೆ ಕೊಡ್ತೀನಿ, ಮಧ್ಯದಲ್ಲಿ ನಿಮ್ಮನೆ, ಸುತ್ತ ಎಂಟು ಚೌಕ, ಒಂದೊಂದ್ರಲ್ಲೂ ಯಾರಿದಾರೆ, ಹಾಸಿಗೆ ಹಿಡಿದೋರು ಇದಾರಾ, ನಂಬರ್ ಏನು ಅಂತ ಬರೀಬೇಕು. ಹೋದ ಸಲ ಒಬ್ರು ತುಂಬಾ ಹೊತ್ತು ಯೋಚ್ನೆ ಮಾಡಿ ಒಂದೇ ಚೌಕ ತುಂಬಿಸಿದ್ರು, ಪಕ್ಕದ್ಮನೆ ನಾಯಿ ಹೆಸರು. ಮನೆಯೋರ ಹೆಸರೇನು ಅಂದ್ರೆ, "ಅದನ್ನ ಯಾವತ್ತೂ ಕೇಳಿಲ್ಲ ಸರ್, ನಾಯಿನ ಮಾತ್ರ ದಿನಾ ಕೂಗ್ತಿರ್ತಾರೆ" ಅಂದ್ರು.