ಮೈ ಸೇರಿದ ಅಫ್ಲಾಟಾಕ್ಸಿನ್ ಅಳೆಯುವುದು ಹೇಗೆ?

ಶೇಂಗಾ, ಮೆಕ್ಕೆಜೋಳಗಳಿಗೆ ಹಿಡಿಯುವ ಬೂಷ್ಟಿನಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಒಂದು. ಅದು ಉಂಟುಮಾಡುವ ವಿಷವೇ ಅಫ್ಲಾಟಾಕ್ಸಿನ್. ಒಬ್ಬರ ಮೈಗೆ ಅದು ಎಷ್ಟು ಸೇರಿದೆ ಎಂದು ತಿಳಿಯಲು ಆಹಾರದಲ್ಲಿನ ವಿಷದ ಪ್ರಮಾಣವನ್ನು ತಿಂದ ತೂಕದಿಂದ ಗುಣಿಸಿದರೆ ಸಾಲದೇ? ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ವಿಷ ಎಲ್ಲ ಕಾಳಿಗೂ ಸಮನಾಗಿ ಹರಡಿರುವುದಿಲ್ಲ. ಸಾವಿರಾರು ಕಾಳು ಶುದ್ಧವಾಗಿದ್ದು ಒಂದೆರಡರಲ್ಲೇ ವಿಷ ತುಂಬಿರಬಹುದು. ಒಂದೇ ಚೀಲದಿಂದ ತೆಗೆದ ಎರಡು ಹಿಡಿ ಎರಡು ಉತ್ತರ ಕೊಡಬಲ್ಲವು. ಮೇಲಾಗಿ, ಕಳೆದ ವಾರ ಶೇಂಗಾ ಚಟ್ನಿಪುಡಿ ಎಷ್ಟು ತಿಂದಿರಿ ಎಂದು ಕೇಳಿದರೆ ಯಾರಿಗೆ ನೆನಪಿರುತ್ತದೆ?

ಅದಕ್ಕೇ ಮೈಯೊಳಗೆ ಗುರುತು ಹುಡುಕುತ್ತಾರೆ. ಇದಕ್ಕೆ ಜೈವಿಕ ಸೂಚಕ ಎಂದು ಹೆಸರು. ಅಫ್ಲಾಟಾಕ್ಸಿನ್‌ನ ಮುಖ್ಯ ಬಗೆ ಬಿ1. ಯಕೃತ್ತಿನ ಕಿಣ್ವಗಳು ಅದರ ಒಂದು ಪಾಲನ್ನು ಎಂ1 ಎಂಬ ಇನ್ನೊಂದು ರೂಪಕ್ಕೆ ಬದಲಿಸುತ್ತವೆ. ಅದು ಮೂತ್ರದಲ್ಲೂ ತಾಯಿಯ ಹಾಲಿನಲ್ಲೂ ಹೊರಬರುತ್ತದೆ. ಬಿ1ರ ಇನ್ನೊಂದು ಪಾಲು ಎಪಾಕ್ಸೈಡ್ ಎಂಬ ರೂಪ ತಾಳುತ್ತದೆ. ಇದು ಬಲು ಚುರುಕು, ಸಿಕ್ಕಿದ್ದಕ್ಕೆ ಅಂಟಿಕೊಳ್ಳುತ್ತದೆ. ಡಿಎನ್‌ಎಯ ಘಟಕಗಳಲ್ಲೊಂದಾದ ಗ್ವಾನೀನ್‌ಗೆ ಅಂಟಿದ್ದು ಕಳಚಿಕೊಂಡು ಮೂತ್ರಕ್ಕೆ ಬರುತ್ತದೆ. ರಕ್ತದ ಆಲ್ಬುಮಿನ್‌ಗೆ ಅಂಟಿದ್ದು ಆ ಪ್ರೋಟೀನ್ ಬಾಳುವಷ್ಟು ಕಾಲ ಉಳಿಯುತ್ತದೆ.

ನಾವು ಎಡವುವುದು ಇಲ್ಲೇ. ಮೂತ್ರ ಹೇಳುವುದು ನಿನ್ನೆ ಮೊನ್ನೆಯ ಊಟದ ಸುದ್ದಿ. ಆಲ್ಬುಮಿನ್‌ನ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಕಳೆಯಲು ಬೇಕಾದ ಕಾಲ, ಸುಮಾರು 20 ದಿನವಾದ್ದರಿಂದ ರಕ್ತ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ. ಹೋದ ವಾರ ಜಾತ್ರೆಯಲ್ಲಿ ಕೆಟ್ಟ ಶೇಂಗಾ ತಿಂದವರ ಇಂದಿನ ಮೂತ್ರದಲ್ಲಿ ಏನೂ ಸಿಗದಿರಬಹುದು. (ನೀರು ಹೆಚ್ಚು ಕುಡಿದವರ ಮೂತ್ರ ತೆಳುವಾಗಿರುತ್ತದೆ, ಅದಕ್ಕಾಗಿ ಮೂತ್ರದಲ್ಲಿ ಹೆಚ್ಚುಕಡಿಮೆ ಒಂದೇ ಸಮನೆ ಹೊರಬೀಳುವ ಕ್ರಿಯಾಟಿನಿನ್ ಎಂಬ ತ್ಯಾಜ್ಯಕ್ಕೆ ಹೋಲಿಸಿ ಅಂಕಿ ಸರಿಪಡಿಸುತ್ತಾರೆ.)

ಈ ಶ್ರಮವೆಲ್ಲ ಯಾಕೆ ಎಂಬುದಕ್ಕೆ ಶಾಂಘೈಯ ಅಧ್ಯಯನವನ್ನು ನೋಡಿ. 1986ರಿಂದ 1989ರವರೆಗೆ ಅಲ್ಲಿ 18,244 ಗಂಡಸರನ್ನು ಸೇರಿಸಿಕೊಂಡು ಅವರ ಮೂತ್ರ, ರಕ್ತಗಳನ್ನು ಕಾಪಿಟ್ಟರು. ಮುಂದೆ ಯಕೃತ್ತಿನ ಕ್ಯಾನ್ಸರ್ ಬಂದವರ ಮಾದರಿಗಳನ್ನು ಬಾರದವರ ಮಾದರಿಗಳೊಂದಿಗೆ ಹೋಲಿಸಿದರು. ಊಟದ ಪ್ರಶ್ನಾವಳಿಯಿಂದ ಲೆಕ್ಕಹಾಕಿದ ಅಫ್ಲಾಟಾಕ್ಸಿನ್‌ಗೂ ಕ್ಯಾನ್ಸರಿಗೂ ನಂಟೇ ಕಾಣಲಿಲ್ಲ! ಮೂತ್ರದ ಸೂಚಕದಲ್ಲಿ ಅದು ಎದ್ದು ಕಂಡಿತು. 1994ರ ವರದಿಯ ಪ್ರಕಾರ, ಸೂಚಕವೂ ಹೆಪಟೈಟಿಸ್ ಬಿ ಸೋಂಕೂ ಇಲ್ಲದವರಿಗೆ ಹೋಲಿಸಿದರೆ, ಸೂಚಕ ಮಾತ್ರ ಇದ್ದವರಿಗೆ ಅಪಾಯ 3.4 ಪಟ್ಟು, ಹೆಪಟೈಟಿಸ್ ಬಿ ಸೋಂಕು ಮಾತ್ರ ಇದ್ದವರಿಗೆ 7.3 ಪಟ್ಟು, ಎರಡೂ ಇದ್ದವರಿಗೆ 59.4 ಪಟ್ಟು. ಕೂಡಿಸಿದರೂ ಗುಣಿಸಿದರೂ ಈ ಕೊನೆಯ ಅಂಕಿ ಬರುವುದಿಲ್ಲ ಎಂಬುದನ್ನು ಗಮನಿಸಿ.

ಎಲ್ಲ ಶಿಲೀಂಧ್ರ ವಿಷಗಳೂ ಹೀಗೆ ಸಿಕ್ಕಿಬೀಳುವುದಿಲ್ಲ. ಗೋಧಿಯ ಡಿಆಕ್ಸಿನಿವಾಲೆನಾಲ್ ಬಹುಪಾಲು ಒಂದೇ ದಿನದಲ್ಲಿ ಮೂತ್ರಕ್ಕೆ ಬಂದುಬಿಡುತ್ತದೆ. ಮೆಕ್ಕೆಜೋಳದ ಫ್ಯುಮೋನಿಸಿನ್ ಮಾತ್ರ ಕರುಳಿನಲ್ಲಿ ಹೀರಿಕೆಯಾಗುವುದೇ ಕಡಿಮೆ. ಮೂತ್ರದಲ್ಲಿ ಅದು ಚೂರೇ ಕಂಡರೂ ತಟ್ಟೆಯಲ್ಲಿ ಬಹಳವೇ ಇದ್ದಿರಬಹುದು.