ಐನೂರು ವರ್ಷದ ಒಂದೇ ಬಳ್ಳಿ

ಲಿಸ್ತಾನ್ ಪ್ರಿಯೆತೊ ಸ್ಪೇನಿನ ಕಪ್ಪು ದ್ರಾಕ್ಷಿ. ಒಂದು ಕಾಲದಲ್ಲಿ ಅಲ್ಲಿ ಬೆಳೆಯುತ್ತಿದ್ದ ಈ ತಳಿ ಈಗ ಮುಖ್ಯ ಭೂಭಾಗದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆಫ್ರಿಕಾದ ಪಕ್ಕದ ಕ್ಯಾನರಿ ದ್ವೀಪಗಳಲ್ಲಿ, ಟೆನೆರಿಫೆಯಂಥ ಕಡೆ, ಜ್ವಾಲಾಮುಖಿ ಮಣ್ಣಿನಲ್ಲಿ ಅಷ್ಟಿಷ್ಟು ಉಳಿದಿದೆ. ಇದರ ಕೆಂಪು ವೈನ್‌ಗೆ ಬಣ್ಣ ಸ್ವಲ್ಪ ತೆಳು.

ಸ್ಪ್ಯಾನಿಷರು ಬೀಜ ಒಯ್ದು ಅಮೆರಿಕದಲ್ಲಿ ಈ ತಳಿ ಬೆಳೆಸಿದರು ಅಂತ ಸುಮ್ನೆ ಹೇಳಿಬಿಡುವವರಿದ್ದಾರೆ. ಬೀಜದಿಂದ ಅದೇ ತಳಿ ಬರುವುದಿಲ್ಲ! ಬಾದಾಮಿ ಮಾವಿನ ವಾಟೆ ಹುಗಿದರೆ ಬಾದಾಮಿಯೇ ಬರುತ್ತದಾ? ಬೀಜ ಅಂದರೆ ಮಗು, ಅಪ್ಪ ಅಮ್ಮನ ಗುಣ ಬೆರೆತದ್ದು. ದಾಸವಾಳದ ಹಾಗೆ ಕಡ್ಡಿ ನೆಟ್ಟರೆ ಮಾತ್ರ ಅದೇ ಗಿಡ. ಅಂದರೆ ಜಗತ್ತಿನ ಲಿಸ್ತಾನ್ ಪ್ರಿಯೆತೊ ಎಲ್ಲವೂ ಒಂದೇ ಬಳ್ಳಿಯ ತುಂಡುಗಳು. ಎಂಥ ಸೋಜಿಗ ಅಲ್ವಾ?

16ನೇ ಶತಮಾನದಲ್ಲಿ ಈ ಬಳ್ಳಿ ಹಡಗು ಹತ್ತಿತು. ಚಿಲಿಯಲ್ಲಿ ಅದು ‘ಪಾಯಿಸ್’ ಆಯಿತು, ಅರ್ಜೆಂಟೀನಾದಲ್ಲಿ ‘ಕ್ರಿಯೋಯಾ ಚಿಕಾ’. ಕ್ರೈಸ್ತ ಪಾದ್ರಿಗಳು ಕ್ಯಾಲಿಫೋರ್ನಿಯಾದ ಮಿಷನ್‌ಗಳಲ್ಲಿ ನೆಟ್ಟಿದ್ದಕ್ಕೆ ಅಲ್ಲಿ ‘ಮಿಷನ್’. ಹೆಸರು ಬದಲಾದ ಮೇಲೆ ಮೂಲ ಮರೆತುಹೋಯಿತು.

1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಪುಟ್ಟ ಕೀಟ ಅಮೆರಿಕದಿಂದ ಯುರೋಪಿಗೆ ಬಂದು ಬೇರು ಹಿಡಿದು ತೋಟಗಳನ್ನೇ ಕೊಂದಿತು. ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ಕಸಿ ಕಟ್ಟಿದ್ದೇ ಕೊನೆಗೆ ಪರಿಹಾರವಾಯಿತು. (ನಮ್ಮ ವಿಜಯಪುರದ ರೈತರೂ ಅಮೆರಿಕದ ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟುತ್ತಾರೆ. ಅದು ಬರ ಮತ್ತು ಉಪ್ಪು ತಡೆಯಲಿ ಅಂತ.) ಆ ಹಾವಳಿ ಕ್ಯಾನರಿ ದ್ವೀಪಗಳನ್ನು ಮುಟ್ಟಲಿಲ್ಲ. ಅದಕ್ಕೇ ಅಲ್ಲಿ ಹಳೇ ಬಳ್ಳಿಗಳು ಸ್ವಂತ ಬೇರಿನ ಮೇಲೇ ನಿಂತವು.

ಮಿಷನ್ ಮತ್ತು ಲಿಸ್ತಾನ್ ಪ್ರಿಯೆತೊ ಒಂದೇ ಅಂತ ಸ್ಪೇನಿನ ವಿಜ್ಞಾನಿಗಳು 2007ರಲ್ಲಿ ತೋರಿಸಿಕೊಟ್ಟರು. ಹೇಗೆ? ಡಿಎನ್‌ಎಯಲ್ಲಿ ಕೆಲವು ಕಡೆ ಎರಡು ಮೂರು ಅಕ್ಷರಗಳು ಪದೇ ಪದೇ ಬರುತ್ತವೆ, ಭಜನೆಯಲ್ಲಿ ಪಲ್ಲವಿ ಬಂದಂತೆ. ಎಷ್ಟು ಸಲ ಅನ್ನುವುದು ತಳಿಯಿಂದ ತಳಿಗೆ ಬೇರೆ. ರೈಲಿಗೆ ಎಷ್ಟು ಬೋಗಿ ಅಂತ ಎಣಿಸಿದ ಹಾಗೆ ಎಣಿಸಬೇಕು. ಪ್ರತಿ ಜಾಗದಲ್ಲೂ ಎರಡು ರೈಲು, ಒಂದು ತಾಯಿಯದು, ಒಂದು ತಂದೆಯದು. ಒಂದು ಜಾಗದಲ್ಲಿ 12 ಮತ್ತು 17 ಹೊಂದಿದರೆ ಅದು ಕಾಕತಾಳೀಯ ಇರಬಹುದು. ಹಲವು ಜಾಗಗಳಲ್ಲಿ ಎರಡೆರಡು ಸಂಖ್ಯೆಯೂ ಹೊಂದಿದರೆ? ಬೀಗದ ಒಂದು ಹಲ್ಲಿಗೆ ಯಾವ ಕೀಲಿಯೂ ಕೂರಬಹುದು, ಎಲ್ಲ ಹಲ್ಲಿಗೂ ಕೂರುವುದು ಅದರದೇ ಕೀಲಿ.

ಇದೇ ಎಣಿಕೆ ಇನ್ನೊಂದು ಗುಟ್ಟನ್ನೂ ಬಿಚ್ಚಿಟ್ಟಿತು. ಅರ್ಜೆಂಟೀನಾದ ಹೆಸರಾಂತ ಬಿಳಿ ದ್ರಾಕ್ಷಿ ತೊರೊಂತೆಸ್ ರಿಯೋಹಾನೊದ ಡಿಎನ್‌ಎಯಲ್ಲಿ ಪ್ರತಿ ಜೋಡಿಯ ಒಂದು ರೈಲು ಮಸ್ಕಟ್ ಆಫ್ ಅಲೆಕ್ಸಾಂಡ್ರಿಯಾ ತಳಿಯದು. ಇನ್ನೊಂದು ಈ ಕಪ್ಪು ದ್ರಾಕ್ಷಿಯದು. ಅಲ್ಲಿ ಯಾವತ್ತೋ ಒಂದು ಬೀಜ ಮೊಳೆತಿತ್ತು.