ಕಿಮೋ ಮುಗಿದ ಮೇಲೂ ಗೆಳೆಯರು ಬೇಕು

ಕ್ಯಾನ್ಸರ್ ಅಂತ ಗೊತ್ತಾದಾಗ ಮನೆ ತುಂಬ ಜನ ಬರುತ್ತಾರೆ. ಆಪರೇಷನ್ ಆದಾಗಲೂ ಎಳನೀರು, ಹಣ್ಣು ಹಿಡಿದುಕೊಂಡು ಬರುತ್ತಾರೆ. ಕೊನೆಯ ಕಿಮೋ ಆಗಿ, ಕರೆಂಟ್ (ರೇಡಿಯೇಷನ್) ಕೊಡಿಸುವುದೂ ಮುಗಿಯಿತು ಅನ್ನುವಾಗ ಫೋನ್ ಕಡಿಮೆಯಾಗುತ್ತದೆ. "ಈಗ ಹುಷಾರಾದ್ರಲ್ಲ" ಅಂತ ಎಲ್ಲರೂ ತಂತಮ್ಮ ಕೆಲಸಕ್ಕೆ ಹೋಗುತ್ತಾರೆ. ತಪ್ಪು ಅವರದ್ದಲ್ಲ, ಯಾರೂ ಅವರಿಗೆ ಹೇಳಿರುವುದಿಲ್ಲ.

ಮಂಗಳೂರಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಕಾಸರಗೋಡು, ಪುತ್ತೂರು, ಕುಂದಾಪುರದಿಂದೆಲ್ಲ ಬರುತ್ತಾರೆ. ಚಿಕಿತ್ಸೆ ಮುಗಿದ ನಂತರದ ತಿಂಗಳುಗಳಲ್ಲೇ ನಾನು ಅವರನ್ನು ಜಾಸ್ತಿ ನೋಡುವುದು. ಹಾಗಾಗಿ ಇದನ್ನು ರೋಗಿಗಳಿಗಿಂತ ಅವರ ಗೆಳೆಯರಿಗೆ, ಗೆಳತಿಯರಿಗೆ ಬರೆಯುತ್ತಿದ್ದೇನೆ. ನಿಮ್ಮ ಅಗತ್ಯ ಹೆಚ್ಚಾಗಿ ಇರುವುದು ಈಗ.

ಮೊದಲು ಸುಸ್ತು. ಇದು ಗದ್ದೆ ಕೆಲಸ ಮಾಡಿ ಬಂದ ಸುಸ್ತಲ್ಲ, ರಾತ್ರಿ ಎಂಟು ಗಂಟೆ ಮಲಗಿದರೂ ಹೋಗುವುದಿಲ್ಲ, ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಮಲಗಬೇಕು ಅನಿಸುತ್ತದೆ, ಇದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷ ದಾಟಿಯೂ ಇರುತ್ತದೆ. ಮನೆಯವರು ಪ್ರೀತಿಯಿಂದ "ಮಲಗು, ಏನೂ ಮಾಡಬೇಡ" ಅನ್ನುತ್ತಾರೆ. ಆದರೆ ಮಲಗಿದಷ್ಟೂ ಮಾಂಸಖಂಡ ಸೊರಗುತ್ತದೆ, ಸುಸ್ತು ಹೆಚ್ಚುತ್ತದೆ. ಈ ಸುಸ್ತಿಗೆ ಚೆನ್ನಾಗಿ ಕೆಲಸ ಮಾಡುವುದು ನಡಿಗೆ. ಮೊದಲು ದಿನಕ್ಕೆ ಹತ್ತು ನಿಮಿಷ ಸಾಕು. ಡಾಕ್ಟರ್ ಒಪ್ಪಿದರೆ ನಿಧಾನವಾಗಿ ವಾರಕ್ಕೆ 150 ನಿಮಿಷದ ತನಕ ಏರಿಸಬಹುದು. ಒಬ್ಬರೇ ಹೋಗಲು ಮನಸ್ಸೇ ಬರುವುದಿಲ್ಲ ನೋಡಿ, ಅಲ್ಲಿ ನೀವು ಬೇಕು. "ಏನಾದರೂ ಬೇಕಾದರೆ ಹೇಳು" ಅಂದರೆ ಯಾರೂ ಹೇಳುವುದಿಲ್ಲ, ನಮ್ಮೂರಿನವರಿಗೆ ಕೇಳಲು ಸಂಕೋಚ ಜಾಸ್ತಿ. ಅದರ ಬದಲು "ನಾಳೆ ಆರೂವರೆಗೆ ಬರ್ತೇನೆ ಮಾರಾಯ್ತಿ, ಕದ್ರಿ ಪಾರ್ಕಲ್ಲಿ ಎರಡು ಸುತ್ತು ಹೋಗುವ" ಅನ್ನಿ, ಮತ್ತೆ ಹೋಗಿಯೇ ಹೋಗಿ. ಮಳೆಗಾಲದಲ್ಲಿ ಜಗಲಿಯಲ್ಲೇ ನಡೆಯಬಹುದು. ಸುಸ್ತು ತೀರಾ ಬಿಡದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಬೇಕು. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಕಡಿಮೆಯಾಗುವುದು ಸಾಮಾನ್ಯ.

ಅಂಗಳದ ಪಾಚಿಯ ಬಗ್ಗೆಯೂ ಹೇಳಬೇಕು. ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್‌ನಂಥ ಕಿಮೋ ಔಷಧಿಗಳಿಂದ ಕೈಕಾಲಿನ ತುದಿ ಜೋಮು ಹಿಡಿದ ಹಾಗಾಗುತ್ತದೆ. ಚಪ್ಪಲಿ ಜಾರಿದ್ದೂ ಗೊತ್ತಾಗುವುದಿಲ್ಲ, ಹಂಡೆಯ ನೀರು ಎಷ್ಟು ಬಿಸಿ ಅಂತಲೂ ಗೊತ್ತಾಗುವುದಿಲ್ಲ. ಮಳೆ ಶುರುವಾಗುವ ಮೊದಲು ಒಂದು ಭಾನುವಾರ ನಾಲ್ಕು ಜನ ಸೇರಿ ಅವರ ಅಂಗಳ ಉಜ್ಜಿ ಕೊಟ್ಟರೆ, ಅದು ಹತ್ತು ಸಲ ನೋಡಿಕೊಂಡು ಬರುವುದಕ್ಕಿಂತ ದೊಡ್ಡ ಸಹಾಯ.

ಸ್ತನದ ಆಪರೇಷನ್‌ನಲ್ಲಿ ಕಂಕುಳಿನ ಗಂಟುಗಳನ್ನು (ಲಿಂಫ್ ನೋಡ್) ತೆಗೆದಿದ್ದರೆ ಆ ಕೈ ಊದಿಕೊಳ್ಳಬಹುದು. ಕೂಡಲೇ ಆಗಬೇಕೆಂದಿಲ್ಲ, ವರ್ಷಗಳ ನಂತರವೂ ಬರಬಹುದು. ಆ ಕೈಗೆ ಗಾಯ ಆಗಬಾರದು. ನಮ್ಮಲ್ಲಿ ಗಾಯ ಎಲ್ಲಿಂದ? ಮೆಟ್ಟುಕತ್ತಿ, ತೆಂಗಿನಕಾಯಿ ಹೆರೆಯುವುದು, ಬಂಗುಡೆಯ ಮುಳ್ಳು. ನೀವು ಮೀನು ತಂದುಕೊಡುವುದಾದರೆ ಶುಚಿ ಮಾಡಿಸಿಯೇ ತನ್ನಿ. ಕೈ ಕೆಂಪಾಗಿ ಬಿಸಿಯಾದರೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಊದಿದ ಕೈಗೆ ಎಣ್ಣೆ ಹಚ್ಚಿ ಜೋರಾಗಿ ತಿಕ್ಕಬೇಡಿ, ದಯವಿಟ್ಟು. ಆದರೆ ಆ ಕೈಯಲ್ಲಿ ಏನೂ ಎತ್ತಲೇಬಾರದು ಅನ್ನುವುದು ಹಳೆಯ ಮಾತು. 2009ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಕೈ ಊದಿದ್ದ ಮಹಿಳೆಯರು ಹೇಳಿಕೊಟ್ಟ ಹಾಗೆ ಸ್ವಲ್ಪ ಸ್ವಲ್ಪವೇ ಭಾರ ಹೆಚ್ಚಿಸಿಕೊಂಡು ಎತ್ತಿದಾಗ ಊತ ಹೆಚ್ಚಾಗಲಿಲ್ಲ. ಹೇಳಿಕೊಟ್ಟ ಹಾಗೆ ಅನ್ನುವುದು ಮುಖ್ಯ, ಸುಮ್ನೆ ಹೋಗಿ ಬಿಂದಿಗೆ ಎತ್ತುವುದಲ್ಲ.

ಬಾಯಿ ಕ್ಯಾನ್ಸರ್ ಆದವರಲ್ಲಿ ಹಲವರಿಗೆ ದವಡೆ ಬಿಗಿಯುತ್ತದೆ. ದಿನಕ್ಕೆ ಹಲವು ಸಲ ಬಾಯಿ ತೆರೆಯುವ ವ್ಯಾಯಾಮ ಮಾಡಬೇಕು, ಬಿಟ್ಟರೆ ಚಮಚವೂ ಒಳಗೆ ಹೋಗದ ಸ್ಥಿತಿ ಬರಬಹುದು. ಅವರ ಎದುರು ಎಲೆಯಡಿಕೆ ಸಂಚಿ ಬಿಚ್ಚಬೇಡಿ. ಅಡಿಕೆಯೂ ಕ್ಯಾನ್ಸರ್ ತರುತ್ತದೆ, ಹೊಗೆಸೊಪ್ಪು ಮಾತ್ರ ಅಲ್ಲ. ಅಡಿಕೆ ಬೆಳೆಯುವ ಊರಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು.

ಇನ್ನೂ ಕಿಮೋ ನಡೆಯುತ್ತಿರುವವರ ಗೆಳೆಯರಿಗೆ ಒಂದು ಮಾತು. ಜ್ವರ 100.4 ಡಿಗ್ರಿ ದಾಟಿದರೆ ಮಾತ್ರೆ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. ಬಿಳಿ ರಕ್ತಕಣ ಕಡಿಮೆ ಇರುವಾಗ ಕೆಲವೇ ಗಂಟೆಗಳಲ್ಲಿ ಸೋಂಕು ಜೀವಕ್ಕೆ ಬರಬಹುದು. ರಾತ್ರಿ ಎರಡು ಗಂಟೆಗೂ ಕಾರು ತೆಗೆಯುವವರು ಯಾರು ಅಂತ ಮೊದಲೇ ನಿಮ್ಮೊಳಗೆ ನಿಗದಿಯಾಗಿರಲಿ. ನಿಮಗೇ ಶೀತ, ಕೆಮ್ಮು ಇದ್ದರೆ ಹೋಗಬೇಡಿ, ಫೋನಲ್ಲಿ ಮಾತಾಡಿ.

ಮತ್ತೆ ಚೆಕಪ್. ಮೊದಲ ಒಂದೆರಡು ವರ್ಷ ಕೆಲವು ತಿಂಗಳಿಗೊಮ್ಮೆ ಹೋಗಬೇಕಾಗುತ್ತದೆ. ಅದರ ಹಿಂದಿನ ವಾರ ನಿದ್ದೆ ಬರುವುದಿಲ್ಲ, ಸಣ್ಣ ಸೊಂಟನೋವಿಗೂ "ಪುನಃ ಬಂತಾ" ಅನ್ನುವ ಹೆದರಿಕೆ, ಗಂಡನ ಹತ್ತಿರ, ಮಕ್ಕಳ ಹತ್ತಿರ ಹೇಳಿದರೆ ಅವರೂ ಹೆದರುತ್ತಾರೆ ಅಂತ ಒಳಗೇ ಇಟ್ಟುಕೊಳ್ಳುತ್ತಾರೆ. ನನ್ನ ಹತ್ತಿರ ಬರುವ ಒಬ್ಬ ಟೀಚರ್ ತಮ್ಮ ಭಜನಾ ಮಂಡಳಿಯ ಗೆಳತಿಯ ಹತ್ತಿರ ಮಾತ್ರ ಇದನ್ನು ಹೇಳುತ್ತಾರೆ. ಆ ಗೆಳತಿ "ಏನೂ ಆಗಲ್ಲ, ಧೈರ್ಯವಾಗಿರು" ಅನ್ನುವುದಿಲ್ಲ, ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಚೆಕಪ್ ದಿನ ಉಡುಪಿಯಿಂದ ಬಸ್ಸಿನಲ್ಲಿ ಜೊತೆಗೆ ಬರುತ್ತಾರೆ, ಡಾಕ್ಟರ್ ಹೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕಿಮೋ ಆದವರಿಗೆ ಮರೆವು ಜಾಸ್ತಿ, ಹೆದರಿಕೆಯಲ್ಲಿ ಕೇಳಿದ್ದು ಅರ್ಧವೂ ನೆನಪಿರುವುದಿಲ್ಲ. ಮುಂದಿನ ಚೆಕಪ್ಪಿಗೆ ಕೇಳಬೇಕಾದ ಪ್ರಶ್ನೆಗಳನ್ನೂ ಇಬ್ಬರೂ ಅದೇ ಪುಸ್ತಕದಲ್ಲಿ ಬರೆದಿಡುತ್ತಾರೆ.